ಹಿಡಿದುಕೊಳ್ಳಲು ಒಬ್ಬ

ಆಪರೇಷನ್ ಕೋಣೆಯ ಬಾಗಿಲು ಮುಚ್ಚಿತು. ಒಳಗಿದ್ದವಳು ಬಡಗಿಯ ಒಬ್ಬಳೇ ಮಗಳು. ಹೊರಗೆ ಬಡಗಿಯ ಪಕ್ಕದಲ್ಲಿ ಕೂತಿದ್ದ ಜೀವದ ಗೆಳೆಯ, ಚರ್ಚಿಗೆ ಹೋಗುವ ದರ್ಜಿ, ಮೆಲ್ಲಗೆ ಹೇಳಿದ: "ದೇವರಿಗೂ ಈ ಸಂಕಟ ಗೊತ್ತು ಕಣೋ. ಅವನೂ ಮಗನ ಸಾವು ಕಂಡ ತಂದೆ."

"ಅಲ್ಲಾಹನಿಗೆ ಮಗನಿಲ್ಲ, ಅವನು ಯಾರ ಮಗನೂ ಅಲ್ಲ," ಎಂದ ಬಡಗಿ. "ನನ್ ಜೊತೆ ಅಳೋನು ಬೇಡ ಈಗ. ಯಾವುದಕ್ಕೂ ಅಲುಗದೋನು ಬೇಕು, ಹಿಡ್ಕೊಳ್ಳೋಕೆ."

ವರ್ಷಗಟ್ಟಲೆ ಇದೇ ಮಾತಿಗೆ ಜಗಳವಾಡಿದ್ದ ದರ್ಜಿಗೆ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಅದನ್ನು ನುಂಗಿಕೊಂಡು, ತನ್ನ ಕೋಟು ಬಿಚ್ಚಿ ತಣ್ಣಗಿನ ನೆಲದ ಮೇಲೆ ಹಾಸಿದ. "ಹಾಗಾದ್ರೆ ಅವನನ್ನೇ ಗಟ್ಟಿಯಾಗಿ ಹಿಡ್ಕೊ."

ಬಡಗಿ ಅದರ ಮೇಲೆ ನಮಾಜು ಮಾಡಿ ಎದ್ದ. ಕೋಟಿನ ಧೂಳು ಕೊಡವಿ ಗೆಳೆಯನ ಹೆಗಲಿಗೆ ಹೊದಿಸಿದ.

"ಈಗ ನೀನೂ ಅವಳಿಗಾಗಿ ದೇವರನ್ನ ಬೇಡ್ಕೋ," ಅಂದ. "ತಂದೆ ಅಂತಾನೇ ಕರಿ."