ಅಜ್ಜಿಯ ದೋಸೆ ಹಂಚು

ಅಕ್ಕಯ್ಯಮ್ಮ ಬೀಡು ಕಬ್ಬಿಣದ ದೋಸೆ ಹಂಚನ್ನು ಎತ್ತಿ ಹಿಡಿದು ಬೆರಳ ಗೆಣ್ಣಿನಿಂದ ತಟ್ಟಿದರು. ಅದು ಠಣ್ಣೆಂದಿತು.

“ಬಿರುಕಿದ್ರೆ ಹಿಂಗೆ ಕೂಗಲ್ಲ ಕಣಮ್ಮ. ಗಂಟೆ ಹೊಡ್ದಂಗೈತೆ!” ಎನ್ನುತ್ತಾ ಅದರ ನುಣುಪು ಮೈ ಸವರಿದರು. “ಯಾರಮ್ಮ ಇಷ್ಟು ಚೆನ್ನಾಗಿ ಪಳಗಿಸಿರೋದು?”

ವರ್ಗವಾಗಿದೆಯೆಂದು ಭಾರದ ಸಾಮಾನೆಲ್ಲ ಮಾರುತ್ತಿದ್ದ ಟೀಚರ್ ತನುಜಳ ಮುಖ ಅರಳಿತು. “ನಮ್ಮಜ್ಜಿ. ಸಾಯೋವರ್ಗೂ ಇದ್ರಲ್ಲೇ ದೋಸೆ ಹುಯ್ತಿದ್ರು.”

“ಯಾವೂರು ನಿಮ್ದು?”

“ದಿಬ್ಬೂರಹಳ್ಳಿ. ಅಲ್ಲಿ ಅಂಬೇಡ್ಕರ್ ಕಾಲೋನಿ.”

ಕೆಂಡ ಮುಟ್ಟಿದವರಂತೆ ಅಕ್ಕಯ್ಯಮ್ಮ ಕೈಬಿಟ್ಟರು. ಹಂಚು ಹೊಸ್ತಿಲ ಮುಂದಿನ ಚಪ್ಪಡಿಗೆ ಬಡಿದು ಎರಡು ಹೋಳಾಯಿತು. ತನುಜ ಬಗ್ಗಿ ಹೋಳುಗಳನ್ನು ಎತ್ತಿಕೊಳ್ಳುವಷ್ಟರಲ್ಲಿ ಅವರು ಮೆಟ್ಟಿಲಿಳಿದಾಗಿತ್ತು.

“ಮೊದ್ಲೇ ಬಿರುಕಿತ್ತು ಬಿಡಮ್ಮ,” ಎಂದು ತಿರುಗಿ ನೋಡದೆ ಹೇಳಿ, ಹಂಚು ಸವರಿದ ಕೈಯನ್ನು ಸೀರೆಗೆ ತಾಕದಂತೆ ದೂರ ಹಿಡಿದುಕೊಂಡೇ ಮನೆಯ ಕಡೆ ನಡೆದರು.