ಪರದೆಯ ಮೇಲೆ ಒಂದೇ ಸೀಟು

ಮುಂದಿನ ಕುರ್ಚಿಯಾತ ಆ ಸೀಟನ್ನು ಹೊಡೆದುಕೊಳ್ಳಲಿದ್ದಾನೆ ಎಂದು ನಾವುಕ್ಕರಸರಿಗೆ ಖಾತ್ರಿಯಾಯಿತು. ಆತನ ತೊಡೆಯ ಮೇಲೆ ಫೈಲು, ಕಣ್ಣು ಪರದೆಯ ಮೇಲೆ.

ಚೆನ್ನೈನ ಎಂಜಿನಿಯರಿಂಗ್ ಕೌನ್ಸೆಲಿಂಗ್ ಸಭಾಂಗಣ. ರ‍್ಯಾಂಕಿನ ಸರದಿಯಂತೆ ಮಕ್ಕಳನ್ನಷ್ಟೇ ಒಳಗೆ ಕರೆಯುತ್ತಿದ್ದರು. ಹೊರಗಿನ ಪರದೆಯಲ್ಲಿ ಸೀಟುಗಳು ಕರಗುತ್ತಿದ್ದವು. ನೂರು ವರ್ಷದ ಕೆಂಪು ಕಟ್ಟಡದ ಕಾಲೇಜಿನಲ್ಲಿ ಉಳಿದದ್ದು ಒಂದು, ಅದೂ ಸಿವಿಲ್. ಪಕ್ಕದಲ್ಲಿ ಕೂತಿದ್ದ ಮಗಳು ಯಾಳಿನಿಗೆ ಬೇಕಿದ್ದದ್ದು ಎಲೆಕ್ಟ್ರಾನಿಕ್ಸ್. ಅದು ದೇವಕೋಟ್ಟೈನ ಹೊಸ ಕಾಲೇಜಿನಲ್ಲಿ ಮೂವತ್ತೊಂದು ಸೀಟು ಇತ್ತು. ಅಪ್ಪನಿಗೋ ಕೆಂಪು ಕಟ್ಟಡದ ಹೆಸರೇ ಬೇಕು. ಎರಡು ದಿನ ಊಟ ಬಿಟ್ಟು ಜಗಳವಾಡಿ, ಬೆಳಿಗ್ಗೆ ಬಸ್ಸಿನಲ್ಲಿ ಅವಳು ಸೋತಿದ್ದಳು: "ಸರಿ ಅಪ್ಪಾ, ನೀವು ಹೇಳಿದ್ದನ್ನೇ ಒತ್ತೀನಿ."

ನಾವುಕ್ಕರಸರು ಶಿವನ ಗುಡಿಯಲ್ಲಿ ತೇವಾರದ ತಮಿಳು ಸ್ತುತಿಗಳನ್ನು ಹಾಡುವ ಓದುವಾರರು. ಪಿಸುಮಾತು ಆ ಕಂಠಕ್ಕೆ ಒಗ್ಗದು. ಮುಂದಕ್ಕೆ ಬಾಗಿ ಪಿಸುಗುಟ್ಟಿದರು. ಐದು ಸಾಲು ತಿರುಗಿ ನೋಡಿತು.

"ಸಾರ್, ಆ ಕೆಂಪು ಕಟ್ಟಡಕ್ಕೆ ಮರುಳಾಗ್ಬೇಡಿ. ಕಾಲೇಜಿನ ಹೆಸರು ಮದುವೆ ಪತ್ರಿಕೆಗಷ್ಟೇ ಆಯ್ತು. ಓದೋ ಮಗುವಿಗೆ ಪಾಠ ರುಚಿಸ್ಬೇಡ್ವಾ?"

"ಆಹಾ!" ಮುಂದಿನ ಕುರ್ಚಿಯವರು ಪೆನ್ನು ತೆಗೆದರು. "ಮೂರು ದಿನದಿಂದ ಇಲ್ಲೇ ಕೂತಿದ್ದೀನಿ, ಇಷ್ಟು ಚೆನ್ನಾಗಿ ಯಾರೂ ಹೇಳ್ಲಿಲ್ಲ. ಇನ್ನೊಂದ್ಸಲ ಹೇಳಿ."

ಬರೆದುಕೊಂಡರು. ಓದುವಾರರಿಗೆ ಹುರುಪೇರಿತು, ರಾಗವೂ ಬಂತು. "ಒಲ್ಲದ ಮನಸ್ಸಿಗೆ ಹೇರಿದ ವಿದ್ಯೆ ದೇವರಿಲ್ಲದ ಗುಡಿ ಸಾರ್! ಗೋಪುರಕ್ಕೆ ಕೈಮುಗಿದು ಗರ್ಭಗುಡಿ ಮರೆಯೋರುಂಟೇ?"

ಹಿಂದಿನ ಸಾಲಿನ ಅಜ್ಜಿಯೊಬ್ಬಳು ಕಣ್ಣೊರೆಸಿಕೊಂಡಳು. ಮುಂದಿನ ಕುರ್ಚಿಯವರು ಫೈಲು ಮುಚ್ಚಿ, ಕೈಮುಗಿದು, ಎದ್ದು ಹೊರಗೇ ನಡೆದುಬಿಟ್ಟರು.

"ತೊಲಗಿದ," ಎಂದು ನಾವುಕ್ಕರಸರು ಹಣೆಯ ವಿಭೂತಿ ಸವರಿಕೊಂಡರು.

ಸರದಿ ಬಂತು. ಯಾಳಿನಿ ಒಳಗೆ ಹೋದಳು. ಪರದೆ ಮಿನುಗಿತು. ಕೆಂಪು ಕಟ್ಟಡ: ಒಂದು. ಕದಲಲೇ ಇಲ್ಲ. ದೇವಕೋಟ್ಟೈ: ಮೂವತ್ತು.

"ಏನೇ ಮಾಡ್ಬಿಟ್ಟೆ ಪಾಪಿ!" ಎಂದು ಹೊರಬಂದ ಮಗಳ ಮೇಲೆ ಎಗರಿದರು.

"ನೀವು ಹೇಳಿದ್ದನ್ನೇ ಅಪ್ಪಾ. ಒಳಗಿನ ಆಫೀಸರ್‌ಗೂ ಕೇಳಿಸ್ತಂತೆ, ತಲೆದೂಗ್ತಿದ್ರು." ಅವಳ ಕಣ್ಣು ತುಂಬಿತ್ತು. "ನನ್ನ ಮುಖ ನೋಡ್ಕೊಂಡು ಒಪ್ಪೋಕೆ ನಾಚಿಕೆ ಅಂತ, ಆ ಮುಂದಿನ ಕುರ್ಚಿಯವರ ನೆಪದಲ್ಲಿ ನನಗೇ ಹೇಳಿದ್ರಿ ಅಲ್ವಾ?"

ಮೂವತ್ತು ವರ್ಷ ಹಾಡಿದ ಕಂಠ ಮೊದಲ ಬಾರಿ ನಿಜವಾಗಿ ಪಿಸುಗುಟ್ಟಿತು: "ಹೂಂ."

ಹೊರಬಾಗಿಲಲ್ಲಿ ಆ ಫೈಲಿನವರು ಕಾದು ನಿಂತಿದ್ದರು. "ಸ್ವಾಮಿ, ದೇವಕೋಟ್ಟೈ ಕಾಲೇಜಿನ ಎಲೆಕ್ಟ್ರಾನಿಕ್ಸ್ ಮೇಷ್ಟ್ರು ನಾನು, ನಮ್ಮಲ್ಲಿಗೆ ಸೇರೋ ಮಕ್ಕಳನ್ನ ಹುಡುಕ್ಕೊಂಡು ಬಂದಿದ್ದೆ, ಮುಂದಿನ ವರ್ಷ ನನ್ನ ಬದಲು ನೀವೇ ಬಂದು ಕೂತ್ಕೊಳ್ಳಿ."