ಚಂದ್ರಮೌಳಿಯ ವಯಸ್ಸು

ಜನಗಣತಿಗೆ ಬಂದ ಮೇಷ್ಟರು ಜಗಲಿಯಲ್ಲಿ ಕೂತು ಮನೆಯವರ ವಿವರ ಬರೆದುಕೊಳ್ಳುತ್ತಿದ್ದರು.

“ಮಗ ಚಂದ್ರಮೌಳಿ. ಸಹಕಾರ ಬ್ಯಾಂಕಿನಲ್ಲಿ ಗುಮಾಸ್ತ. ವಯಸ್ಸು ಇಪ್ಪತ್ತೊಂಬತ್ತು,” ಎಂದರು ಮನೆಯಾಕೆ.

ಮೇಷ್ಟರ ಪೆನ್ನು ನಿಂತಿತು. “ಕಿರಿಮಗಳಿಗೆ ಮೂವತ್ತಮೂರು ಅಂತ ಈಗಷ್ಟೇ ಬರೆಸಿದಿರಲ್ಲಮ್ಮ. ತಂಗಿ ಅಣ್ಣನಿಗಿಂತ ನಾಲ್ಕು ವರ್ಷ ದೊಡ್ಡವರಾ?”

ಆಕೆ ಬಾಗಿಲತ್ತ ನೋಡಿ ದನಿ ತಗ್ಗಿಸಿದರು. “ಬ್ರೋಕರ್ ಕೈಲಿ ಹೆಣ್ಣಿನ ಕಡೆಯವರಿಗೆ ಹಾಗೆ ಹೇಳಿಸಿದ್ದೀವಿ. ನಿಜ ಗೊತ್ತಾದರೆ ಸಂಬಂಧ ಮುರಿದುಬೀಳುತ್ತೆ. ನನ್ನ ಮಗನೊಬ್ಬನ ವಯಸ್ಸಿನಿಂದ ಸರ್ಕಾರಕ್ಕೇನಾಗಬೇಕು, ಮೇಷ್ಟ್ರೇ?”

“ಎಲ್ಲರೂ ಹೀಗೇ ಬರೆಸಿದರೆ ಎಲ್ಲಿ ಶಾಲೆ ಬೇಕು, ಎಲ್ಲಿ ಆಸ್ಪತ್ರೆ ಬೇಕು ಅಂತ ತಿಳಿಯೋದು ಹೇಗಮ್ಮ? ನೀವು ಹೇಳಿದ್ದನ್ನ ನಾನು ಯಾರಿಗೂ ಹೇಳುವ ಹಾಗಿಲ್ಲ. ಕಾನೂನಿದೆ.”

“ದೇವರಾಣೆ?”

“ಕಾನೂನಿನಾಣೆ.”

“ಮೂವತ್ತಾರು.”

ಮೇಷ್ಟರು ಬರೆದುಕೊಂಡರು. ಆಕೆಗೆ ಇನ್ನೂ ಅಳುಕು. “ಹೆಣ್ಣಿನ ಕಡೆಯವರ ಕಿವಿಗೆ ಬೀಳಲ್ಲ ತಾನೇ?”

ಮೇಷ್ಟರು ಕಾಗದಗಳನ್ನು ಮಡಚಿ ಚೀಲಕ್ಕೆ ಸೇರಿಸಿ, ಚಪ್ಪಲಿ ಮೆಟ್ಟಿಕೊಂಡರು.

“ಹೆದರಬೇಡಿ ಬೀಗಿತ್ತಿಯವರೇ, ನಮ್ಮ ಹುಡುಗಿಗೆ ನಾವು ಎಂಟು ವರ್ಷ ಕಡಿಮೆ ಮಾಡಿದ್ದೀವಿ.”